ಆಪರೇಷನ್ ಆಗಿದೆ, ಆದರೂ ಮುಟ್ಟು ನಿಂತರೆ?

(ಗಂಗಾವತಿಯಲ್ಲಿ ಸ್ವಸಹಾಯ ಗುಂಪುಗಳ ಮಹಿಳೆಯರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಹೆರಿಗೆ ವೈದ್ಯೆಯೊಬ್ಬರು ಹೆಂಗಸರಿಗೆ ಮಕ್ಕಳಾಗದಂತೆ ಮಾಡುವ ಆಪರೇಷನ್ ಬಗ್ಗೆ ಆಡಿದ ಮಾತುಗಳ ಬರಹ ರೂಪ.)

ಮೊದಲು ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದಿನದು. ನಾಟಿ ಕಾಲ. ಕಾರಟಗಿ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳನ್ನು ಟಂಟಂನಲ್ಲಿ ಮಲಗಿಸಿಕೊಂಡು ಬಂದರು. ವಯಸ್ಸು 28. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು. ಬೆಳಿಗ್ಗೆ ಗದ್ದೆಯಲ್ಲಿ ಸಸಿ ಹಚ್ಚುವಾಗ ಹೊಟ್ಟೆ ಹಿಡಿದುಕೊಂಡು ಕೂತವಳು ಮತ್ತೆ ಏಳಲೇ ಇಲ್ಲವಂತೆ. ಬಿಸಿಲು ಬಡಿದಿದೆ ಅಂತ ಮನೆಯವರು ಮಜ್ಜಿಗೆ ಕುಡಿಸಿದ್ದಾರೆ.

"ಕಡೆಗೆ ಮುಟ್ಟಾಗಿದ್ದು ಯಾವಾಗ?" ಅಂತ ಕೇಳಿದೆ. ಅವಳ ಅತ್ತೆ ತಟ್ಟನೆ ಹೇಳಿದರು, "ಅದನ್ನ್ಯಾಕ ಕೇಳ್ತೀರಿ ಡಾಕ್ಟರಮ್ಮ, ಆಕಿದು ಆಪರೇಷನ್ ಆಗಿ ನಾಕ್ ವರ್ಷ ಆತು."

ಹೊಟ್ಟೆ ತೆರೆದು ನೋಡಿದರೆ ಒಳಗೆ ಹತ್ತಿರ ಹತ್ತಿರ ಎರಡು ಲೀಟರ್ ರಕ್ತ. ಬಲಗಡೆಯ ಗರ್ಭನಾಳದಲ್ಲಿ ಬಸಿರು ನಿಂತು, ನಾಳ ಒಡೆದಿತ್ತು. ನಾಲ್ಕು ಬಾಟಲಿ ರಕ್ತ ಕೊಟ್ಟೆವು. ಬದುಕಿದಳು. ನನಗೆ ಇವತ್ತಿಗೂ ಸಂಕಟವಾಗುವುದು ಬೇರೆ ವಿಷಯಕ್ಕೆ. ಹತ್ತು ದಿನ ಮೊದಲೇ ಅವಳು ಹೊಟ್ಟೆನೋವು ಅಂತ ಒಬ್ಬ ವೈದ್ಯರ ಹತ್ತಿರ ಹೋಗಿದ್ದಳು. ಆಪರೇಷನ್ ಆಗಿದೆ ಅಂದಕೂಡಲೇ ಅವರು ಮೂತ್ರ ಪರೀಕ್ಷೆ ಮಾಡಿಸಲಿಲ್ಲ, ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸಿದರು. ಮಾತ್ರೆ ಅಂಗಡಿಯಲ್ಲಿ ಸಿಗುವ ಒಂದು ಸಣ್ಣ ಪಟ್ಟಿಯ ಮೇಲೆ ನಾಲ್ಕು ಹನಿ ಮೂತ್ರ ಹಾಕಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಅದಕ್ಕೇ ಇವತ್ತು ಈ ಮಾತು. ನಮ್ಮ ಕಡೆ 'ಆಪರೇಷನ್' ಅಂದರೆ ಸಾಕು, ಬೇರೆ ಏನೂ ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಮದುವೆಯಾದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನ ಈ ಆಪರೇಷನ್ ಮಾಡಿಸಿಕೊಂಡವರು. ಇದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ. ಇಡೀ ದೇಶದ ಲೆಕ್ಕ ನೂರಕ್ಕೆ ಸುಮಾರು 38. ಗಂಡಸರ ಆಪರೇಷನ್ ನಮ್ಮ ರಾಜ್ಯದಲ್ಲಿ ಸೊನ್ನೆಯ ಹತ್ತಿರ ಇದೆ. ಅಂದರೆ ಈ ಸಭೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆಗಿರಬಹುದು. ಇಷ್ಟು ಜನ ಮಾಡಿಸಿಕೊಂಡ ಮೇಲೂ ಎರಡು ಪ್ರಶ್ನೆಗಳಿಗೆ ತಪ್ಪು ಉತ್ತರವೇ ಊರೂರಲ್ಲಿ ಓಡಾಡುತ್ತಿದೆ. ಇದು ಎಷ್ಟು ಗಟ್ಟಿ? ಬೇಕಾದಾಗ ಬಿಚ್ಚಬಹುದಾ?

ಮೊದಲು ಒಳಗೆ ಏನು ಮಾಡುತ್ತಾರೆ ಅಂತ ತಿಳಿದುಕೊಳ್ಳೋಣ. ನಿಮಗೆ ಕಾಲುವೆ ಗೊತ್ತು. ಅಂಡಾಶಯ ಅಂತ ಎರಡು ಚಿಕ್ಕ ಚೀಲಗಳಿವೆ, ತಿಂಗಳಿಗೊಂದು ಅಂಡ ಅಲ್ಲಿಂದ ಹೊರಡುತ್ತದೆ. ಅದು ಗರ್ಭಕೋಶಕ್ಕೆ ಬರಬೇಕಾದರೆ ಎರಡೂ ಪಕ್ಕದಲ್ಲಿ ಒಂದೊಂದು ನಾಳ ಇದೆ. ಉದ್ದ 10ರಿಂದ 12 ಸೆಂಟಿಮೀಟರ್. ಗಂಡಸಿನ ವೀರ್ಯಾಣುವೂ ಇದೇ ದಾರಿಯಲ್ಲಿ ಮೇಲೆ ಹೋಗಿ ಅಂಡವನ್ನು ಸೇರುತ್ತದೆ. ಆಪರೇಷನ್ನಿನಲ್ಲಿ ಮುಚ್ಚುವುದು ಈ ದಾರಿಯನ್ನು. ಗರ್ಭಚೀಲ ಅಲ್ಲೇ ಇರುತ್ತದೆ, ಅಂಡಾಶಯವೂ ಅಲ್ಲೇ ಇರುತ್ತದೆ, ಮುಟ್ಟೂ ಬರುತ್ತದೆ. ಗರ್ಭಚೀಲ ತೆಗೆಸುವುದು ಪೂರ್ತಿ ಬೇರೆ ಆಪರೇಷನ್. ಎರಡನ್ನೂ ಒಂದೇ ಅಂದುಕೊಂಡವರು ನನ್ನ ಹತ್ತಿರ ವಾರಕ್ಕೊಬ್ಬರಾದರೂ ಬರುತ್ತಾರೆ.

ಮುಚ್ಚುವುದಕ್ಕೆ ನಮ್ಮಲ್ಲಿ ಎರಡು ರೀತಿ ಹೆಚ್ಚು. ಹೆರಿಗೆಯಾದ ಒಂದು ವಾರದೊಳಗೆ, ಇಲ್ಲವೇ ಸಿಸೇರಿಯನ್ ಮಾಡುವಾಗಲೇ, ನಾಳವನ್ನು ಕುಣಿಕೆ ಮಾಡಿ ಎತ್ತಿ, ಕಟ್ಟಿ, ಮಧ್ಯದ ತುಂಡನ್ನು ಕತ್ತರಿಸುತ್ತಾರೆ. ಇನ್ನೊಂದು ಲ್ಯಾಪ್ರೋಸ್ಕೋಪಿ. ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ, ಕೊಳವೆ ಹಾಕಿ, ನಾಳವನ್ನು ಮಡಚಿ ಅದರ ಮೇಲೆ ರಬ್ಬರಿನಂಥ ಚಿಕ್ಕ ಉಂಗುರ ಏರಿಸುತ್ತಾರೆ.

ಗಟ್ಟಿತನದ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ 1978ರಿಂದ ಹತ್ತು ಸಾವಿರಕ್ಕಿಂತ ಜಾಸ್ತಿ, ಸರಿಯಾಗಿ 10,685 ಹೆಂಗಸರನ್ನು ಆಪರೇಷನ್ ಆದ ಮೇಲೆ ವರ್ಷಗಟ್ಟಲೆ ವಿಚಾರಿಸುತ್ತಾ ಹೋದರು. 1996ರಲ್ಲಿ ಫಲಿತಾಂಶ ಬಂತು. ಹತ್ತು ವರ್ಷದೊಳಗೆ ಸಾವಿರಕ್ಕೆ ಸುಮಾರು 18 ಹೆಂಗಸರಿಗೆ ಮತ್ತೆ ಬಸಿರು ನಿಂತಿತ್ತು. ಹೆರಿಗೆಯಾದ ಹೊಸದರಲ್ಲಿ ನಾಳ ಕತ್ತರಿಸಿದವರಲ್ಲಿ ಸಾವಿರಕ್ಕೆ ಏಳೆಂಟು. ಉಂಗುರ ಹಾಕಿಸಿಕೊಂಡವರಲ್ಲಿ 17–18. ಚಿಕ್ಕ ವಯಸ್ಸಿನಲ್ಲಿ ಮಾಡಿಸಿಕೊಂಡವರಲ್ಲಿ ಜಾಸ್ತಿ, ವಯಸ್ಸಾದ ಮೇಲೆ ಮಾಡಿಸಿಕೊಂಡವರಲ್ಲಿ ಕಡಿಮೆ.

ಇದು ಕಡಿಮೆಯೇ. ಗುಳಿಗೆ, ನಿರೋಧ್ ಮರೆತು ಬಸಿರಾಗುವವರ ಸಂಖ್ಯೆಯ ಮುಂದೆ ಇದು ಏನೇನೂ ಅಲ್ಲ. ಆಪರೇಷನ್ ಒಳ್ಳೆಯ ಉಪಾಯ ಅಂತಲೇ ನಾನು ಹೇಳುತ್ತೇನೆ. ಆದರೆ ನಿಮ್ಮ ಊರಲ್ಲಿ ಲ್ಯಾಪ್ರೋಸ್ಕೋಪಿ ಮಾಡಿಸಿಕೊಂಡವರು 500 ಜನ ಇದ್ದಾರೆ ಅಂದುಕೊಳ್ಳಿ. ಹತ್ತು ವರ್ಷದಲ್ಲಿ ಎಂಟೊಂಬತ್ತು ಜನ ಮತ್ತೆ ಬಸಿರಾಗಬಹುದು. ಆ ಎಂಟೊಂಬತ್ತು ಜನರ ಪಾಲಿಗೆ ಇದು ಕಡಿಮೆ ಅಲ್ಲ.

2024ರ ಆಗಸ್ಟ್ 10ರ ರಾತ್ರಿ ನೆನಪಿದೆ ಅಲ್ವಾ? ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. 33 ಗೇಟುಗಳಲ್ಲಿ ಒಂದು. ಎಪ್ಪತ್ತು ವರ್ಷ ನಿಂತಿದ್ದು. ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಅಂತ ನಮ್ಮ ರೈತರು ಒಂದು ವಾರ ನಿದ್ದೆ ಮಾಡಲಿಲ್ಲ. ಅದರ ಮೇಲೆ ಡ್ಯಾಮೇ ಬೇಡ ಅಂದವರು ಯಾರೂ ಇಲ್ಲ. ಗೇಟನ್ನು ಆಗಾಗ ನೋಡುತ್ತಿರಬೇಕು ಅಂದರು. ನಾನು ಹೇಳುತ್ತಿರುವುದೂ ಅಷ್ಟೇ.

ಮುಚ್ಚಿದ ದಾರಿ ತೆರೆದುಕೊಳ್ಳುವುದು ಹೇಗೆ? ಕೆಲವು ಸಲ ಕತ್ತರಿಸಿದ ತುದಿಗಳ ನಡುವೆ ಸೂಜಿಮೊನೆಯಷ್ಟು ಸಂದು ತಾನಾಗಿ ಹುಟ್ಟುತ್ತದೆ. ದೇಹ ಗಾಯವನ್ನು ಮಾಯಿಸುವ ಗುಣವೇ ಅದು. ಕೆಲವು ಸಲ ಆಪರೇಷನ್ ದಿನವೇ ಅವಳು ಬಸಿರಾಗಿರುತ್ತಾಳೆ, ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಹೆರಿಗೆಯಾಗಿ ಬಹಳ ದಿನ ಆದವರಿಗೆ ಮುಟ್ಟಾದ ಏಳು ದಿನದೊಳಗೆ ಬನ್ನಿ ಅನ್ನುವುದು. ಕೆಲವು ಸಲ ಉಂಗುರ ನಾಳಕ್ಕೆ ಬೀಳದೆ ಪಕ್ಕದಲ್ಲಿರುವ ಹುರಿಯಂಥ ಇನ್ನೊಂದು ಭಾಗಕ್ಕೆ ಬಿದ್ದಿರುತ್ತದೆ. ಇದು ಮಾಡಿದವರ ತಪ್ಪು, ಮುಚ್ಚಿಡುವುದರಲ್ಲಿ ಅರ್ಥ ಇಲ್ಲ.

ಇಂಥದ್ದೇ ಒಂದು ಪ್ರಸಂಗ ಹೇಳಬೇಕು. ಕುಷ್ಟಗಿ ತಾಲೂಕಿನ ಒಬ್ಬಳು. ಗಂಡ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡುತ್ತಿದ್ದ. ಇವಳು ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅತ್ತೆಯ ಜೊತೆ ಊರಲ್ಲೇ ಇದ್ದಳು. ಆಪರೇಷನ್ ಆಗಿ ಮೂರು ವರ್ಷಕ್ಕೆ ಮುಟ್ಟು ನಿಂತಿತು. ಪರೀಕ್ಷೆ ಮಾಡಿದರೆ ಎರಡು ಗೆರೆ. ಗಂಡನಿಗೆ ಫೋನ್ ಮಾಡಿದಾಗ ಅವನ ಬಾಯಿಂದ ಬಂದ ಮೊದಲ ಮಾತು, "ಆಪರೇಷನ್ ಆದಾಕಿಗೆ ಬಸಿರು ಹೆಂಗಾತು? ಯಾರದು ಹೇಳು." ಆಪರೇಷನ್ ಅಂದರೆ ನೂರಕ್ಕೆ ನೂರು ಅಂತ ನಾವು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇವಲ್ಲ, ಆ ಸುಳ್ಳಿನ ಭಾರ ಬಿದ್ದದ್ದು ಅವಳ ಶೀಲದ ಮೇಲೆ. ಅವಳು ಎರಡು ದಿನ ಊಟ ಬಿಟ್ಟಿದ್ದಳು. ತವರಿನ ಅಣ್ಣ ಕರೆದುಕೊಂಡು ಬಂದ.

ನಾನು ಗಂಡನನ್ನು ಕರೆಸಿದೆ. ಸ್ಕ್ಯಾನ್ ತೋರಿಸಿದೆ. ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲಿಟ್ಟು ಅವನ ಕೈಯಿಂದಲೇ ದಿನ ಎಣಿಸಿದೆ. ಅವನು ಯುಗಾದಿಗೆ ಊರಿಗೆ ಬಂದಿದ್ದ ಆ ವಾರಕ್ಕೇ ಲೆಕ್ಕ ಸರಿಯಾಗಿ ಬಂದು ನಿಂತಿತು. ಮತ್ತೆ ಆಪರೇಷನ್ ಮಾಡುವಾಗ ನೋಡಿದರೆ ಎಡಗಡೆಯ ಉಂಗುರ ನಾಳದ ಮೇಲೆ ಇರಲೇ ಇಲ್ಲ. ಅದರ ಫೋಟೋ ತೆಗೆಸಿ ಅವನಿಗೆ ಕೊಟ್ಟೆ. ಅವನು ಅತ್ತ. ಅವಳು ಮಾತಾಡಲಿಲ್ಲ. ಆಶಾ ಅಕ್ಕಂದಿರೇ, ನಿಮ್ಮನ್ನು ಕೈ ಮುಗಿದು ಕೇಳುತ್ತೇನೆ: ಆಪರೇಷನ್‌ಗೆ ಕರೆದುಕೊಂಡು ಬರುವಾಗಲೇ, ಗಂಡ ಮತ್ತು ಅತ್ತೆಯ ಕಿವಿಗೆ ಬೀಳುವ ಹಾಗೆ, "ಸಾವಿರಕ್ಕೆ ಕೆಲವರಿಗೆ ಮತ್ತೆ ನಿಲ್ಲಬಹುದು" ಅಂತ ಹೇಳಿ. ಆಪರೇಷನ್ನಿನ ಒಪ್ಪಿಗೆ ಪತ್ರದಲ್ಲೂ ಇದು ಬರೆದಿರುತ್ತದೆ. ಹೆಬ್ಬೆಟ್ಟು ಒತ್ತಿಸುವ ಮೊದಲು ಅದನ್ನು ಓದಿ ಹೇಳಿ.

ಅದೇ ಪತ್ರದ ಬಗ್ಗೆ ಇನ್ನೊಂದು ಮಾತು. ಗಂಡನ ಸಹಿ ಇಲ್ಲದೆ ಆಗುವುದಿಲ್ಲ ಅಂತ ಎಷ್ಟೋ ಕಡೆ ಹೇಳುತ್ತಾರೆ. ಸರ್ಕಾರದ ನಿಯಮದಲ್ಲಿ ಗಂಡನ ಒಪ್ಪಿಗೆ ಕಡ್ಡಾಯ ಅಲ್ಲ. ಸಹಿ ನಿಮ್ಮದು, ದೇಹ ನಿಮ್ಮದು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಆಪರೇಷನ್ ಆದ ಮೇಲೆ ಬಸಿರು ನಿಂತರೆ, ಅಂಥ ಮೂರು ಬಸಿರಿನಲ್ಲಿ ಹೆಚ್ಚುಕಡಿಮೆ ಒಂದು ಗರ್ಭಕೋಶದಲ್ಲಿ ಇರದೆ ನಾಳದಲ್ಲೇ ಸಿಕ್ಕಿಕೊಂಡಿರುತ್ತದೆ. ಆ ಅಮೆರಿಕದ ಅಧ್ಯಯನದಲ್ಲೇ ಇದು ಕಂಡಿತು. ಕಾರಣ ಸರಳ. ಸಂದು ವೀರ್ಯಾಣು ನುಸುಳುವಷ್ಟು ಇರುತ್ತದೆ, ಬೆಳೆಯುವ ಬಸಿರು ದಾಟುವಷ್ಟು ಇರುವುದಿಲ್ಲ. ಹಾಗಾಗಿ ಅಲ್ಲೇ ಬೆಳೆದು ನಾಳವನ್ನು ಒಡೆಯುತ್ತದೆ. ನಾನು ಮೊದಲು ಹೇಳಿದ ಹುಡುಗಿಗೆ ಆದದ್ದು ಇದೇ.

ಆದ್ದರಿಂದ ಆಪರೇಷನ್ ಆಗಿ ಎಷ್ಟೇ ವರ್ಷ ಆಗಿರಲಿ, ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಪರೀಕ್ಷೆ ಮಾಡಿಸಿ. ಹೊಟ್ಟೆಯ ಕೆಳಗೆ ಒಂದೇ ಪಕ್ಕದಲ್ಲಿ ನೋವು, ಹನಿ ಹನಿ ರಕ್ತ, ತಲೆಸುತ್ತು, ಭುಜದ ತುದಿಯಲ್ಲಿ ನೋವು ಇದ್ದರೆ ಎರಡು ವಾರ ಅಲ್ಲ, ಎರಡು ಗಂಟೆಯೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಭುಜಕ್ಕೂ ಹೊಟ್ಟೆಗೂ ಏನು ಸಂಬಂಧ ಅಂತ ಕೇಳಬಹುದು. ಒಳಗೆ ಸೋರಿದ ರಕ್ತ ಮೇಲೆ ವಪೆಗೆ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಗೆ, ತಾಗಿದರೆ ಆ ನೋವು ಭುಜದಲ್ಲಿ ಕಾಣಿಸುತ್ತದೆ. ವೈದ್ಯರ ಹತ್ತಿರ ಹೋದಾಗ "ಆಪರೇಷನ್ ಆಗಿದೆ" ಅಂತ ಹೇಳಿ, ಅದರ ಹಿಂದೆಯೇ "ಆದರೂ ಬಸಿರಿನ ಪರೀಕ್ಷೆ ಮಾಡಿ" ಅಂತ ನೀವೇ ಕೇಳಿ.

ಬಸಿರು ಗರ್ಭಕೋಶದಲ್ಲೇ ನಿಂತಿದ್ದು, ಬೇಡ ಅಂದರೆ ತೆಗೆಸಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆ. 1971ರ ಕಾಯ್ದೆ, 2021ರಲ್ಲಿ ತಿದ್ದುಪಡಿ ಆಗಿದೆ. ಗರ್ಭ ತಡೆಯುವ ಉಪಾಯ ಸೋತಿದ್ದರೆ ಅದೇ ಸಾಕಷ್ಟು ಕಾರಣ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಇಟ್ಟುಕೊಳ್ಳುತ್ತೇನೆ ಅಂದರೆ ಅದೂ ನಿಮ್ಮ ಇಷ್ಟ. ಸರ್ಕಾರಿ ಆಪರೇಷನ್ ಸೋತರೆ ಪರಿಹಾರದ ಯೋಜನೆ ಇದೆ, ಗೊತ್ತಾದ 90 ದಿನದೊಳಗೆ ಅರ್ಜಿ ಕೊಡಬೇಕು. ದಿನ ದಾಟಿಸಬೇಡಿ. ಕೋರ್ಟಿಗೆ ಹೋದರೆ ಏನಾಗುತ್ತದೆ ಅಂತಲೂ ಕೇಳುತ್ತಾರೆ. ಹರಿಯಾಣದ ಬಡ ಕೂಲಿ ಹೆಂಗಸೊಬ್ಬಳಿಗೆ ವೈದ್ಯರು ಒಂದೇ ಕಡೆಯ ನಾಳಕ್ಕೆ ಆಪರೇಷನ್ ಮಾಡಿ ಇನ್ನೊಂದನ್ನು ಬಿಟ್ಟಿದ್ದರು. 2000ದಲ್ಲಿ ಸುಪ್ರೀಂ ಕೋರ್ಟ್ ಅವಳ ಪರಿಹಾರವನ್ನು ಎತ್ತಿಹಿಡಿಯಿತು. 2005ರಲ್ಲಿ ಪಂಜಾಬಿನ ಇನ್ನೊಂದು ಪ್ರಕರಣದಲ್ಲಿ, ಆಪರೇಷನ್ ಸೋತಿತು ಅನ್ನುವುದೊಂದರಿಂದಲೇ ವೈದ್ಯರ ನಿರ್ಲಕ್ಷ್ಯ ಅನ್ನಲಾಗದು ಅಂದಿತು. ಎರಡೂ ನ್ಯಾಯವಾದ ಮಾತೇ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಬಹಳ ದಿನದಿಂದ ಮನಸ್ಸಿನಲ್ಲಿರುವ ಮಾತು. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರದ ಕಡೆಯಿಂದ ಜನನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಆಗ ನಮ್ಮ ಕೊಪ್ಪಳ, ರಾಯಚೂರು ನಿಜಾಮರ ಕೆಳಗಿದ್ದವು, ಬಳ್ಳಾರಿ ಮದ್ರಾಸಿನಲ್ಲಿತ್ತು. ಹಾಗಾಗಿ ನಮಗೆ ಅದು ಸಿಗಲಿಲ್ಲ. 1952ರಲ್ಲಿ ಇಡೀ ದೇಶಕ್ಕೆ ಕುಟುಂಬ ಯೋಜನೆ ಬಂತು. 1960ರ ದಶಕದಲ್ಲಿ ಗಂಡಸರೇ ಜಾಸ್ತಿ ಮಾಡಿಸಿಕೊಳ್ಳುತ್ತಿದ್ದರು, ನಂಬುತ್ತೀರಾ? ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕಿಂತ ಜಾಸ್ತಿ ಆಪರೇಷನ್ ಆದವು, ಅದರಲ್ಲಿ ಹೆಚ್ಚಿನವು ಗಂಡಸರದ್ದು. ಬಹಳ ಜನರನ್ನು ಬಲವಂತವಾಗಿ ಎಳೆದೊಯ್ದರು. ಆ ಗಾಯಕ್ಕೆ ಗಂಡಸರು ದೂರ ಸರಿದರು, ಸರ್ಕಾರ ಹೆಂಗಸರ ಕಡೆ ತಿರುಗಿತು. ಗಂಡಸರ ಆಪರೇಷನ್ ಇವತ್ತಿಗೂ ಹೆಚ್ಚು ಸುಲಭ, ಹೆಚ್ಚು ಗಟ್ಟಿ. ಹೊಟ್ಟೆ ತೆರೆಯಬೇಕಾಗಿಲ್ಲ, ಹೊಲಿಗೆಯೂ ಬೇಡ. ಮೂರು ತಿಂಗಳು ಕಾದು ವೀರ್ಯ ಪರೀಕ್ಷೆ ಮಾಡಿಸಿದರೆ ಆಯಿತು. ಭಾರ ಎತ್ತಲು ಆಗುವುದಿಲ್ಲ ಅಂತ ಅವರು ಹೇಳುತ್ತಾರೆ. ಬಾಣಂತನ ಮುಗಿದ ತಿಂಗಳಿಗೇ ಭತ್ತದ ಹೊರೆ ಹೊರುವ ನೀವು ಯಾರೂ ಹಾಗೆ ಹೇಳಲಿಲ್ಲ.

ಹೆಂಗಸರ ಕಡೆ ತಿರುಗಿದ ಮೇಲೆ ಕ್ಯಾಂಪ್ ಬಂತು. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರ ಜಿಲ್ಲೆಯ ಒಂದೇ ಕ್ಯಾಂಪಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿದರು. ಹನ್ನೆರಡಕ್ಕಿಂತ ಹೆಚ್ಚು ತಾಯಂದಿರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಇಂಥ ಕ್ಯಾಂಪ್ ನಿಲ್ಲಿಸಿ ಅಂದಿತು. ಸಾಲಾಗಿ ಮಲಗಿಸಿ ಅವಸರದಲ್ಲಿ ಮಾಡಿದರೆ ಜೀವಕ್ಕೂ ಅಪಾಯ, ಉಂಗುರವೂ ಎಲ್ಲೋ ಬೀಳುತ್ತದೆ. ದಿನ ನಿಗದಿ ಮಾಡಿಕೊಂಡು ಆಸ್ಪತ್ರೆಯಲ್ಲೇ ಮಾಡಿಸಿ.

ಇನ್ನು ಎರಡನೇ ಪ್ರಶ್ನೆ, ಬಿಚ್ಚಬಹುದಾ? "ಈಗ ಮಾಡಿಸಿಬಿಡು, ಬೇಕಾದರೆ ಆಮೇಲೆ ಬಿಚ್ಚಿಸಬಹುದು" ಅಂತ ಹೇಳುವವರ ಮಾತು ನಂಬಬೇಡಿ. ಬಿಚ್ಚುವುದು ಅಂತ ಇಲ್ಲ. ಹೊಟ್ಟೆ ತೆರೆದು, ಕತ್ತರಿಸಿದ ತುದಿಗಳನ್ನು ಹೊಸದು ಮಾಡಿಕೊಂಡು, ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ಭೂತಗನ್ನಡಿಯ ಕೆಳಗೆ ಜೋಡಿಸಿ ಹೊಲಿಯಬೇಕು. ಮೊದಲ ಆಪರೇಷನ್ ಅರ್ಧ ಗಂಟೆಯದ್ದಾದರೆ ಇದು ಗಂಟೆಗಟ್ಟಲೆ. ಮಾಡಬಲ್ಲ ವೈದ್ಯರು ಕಡಿಮೆ. ಮಾಡಿಸಿದವರಿಗೆಲ್ಲ ಮಗು ಆಗುವುದಿಲ್ಲ. ನಾಳ ನಾಲ್ಕು ಸೆಂಟಿಮೀಟರ್‌ಗಿಂತ ಜಾಸ್ತಿ ಉಳಿದಿದ್ದು, ವಯಸ್ಸು ಚಿಕ್ಕದಿದ್ದು, ಗಂಡನ ವೀರ್ಯ ಚೆನ್ನಾಗಿದ್ದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಬಸಿರು ನಿಲ್ಲುತ್ತದೆ. ಉಂಗುರ ಹಾಕಿದ್ದರೆ ಹಾಳಾಗಿರುವ ಭಾಗ ಕಡಿಮೆ, ಆಸೆ ಜಾಸ್ತಿ. ನಾಳವನ್ನು ಸುಟ್ಟಿದ್ದರೆ ಆಸೆ ಕಡಿಮೆ. ತುದಿಯನ್ನೇ ಕತ್ತರಿಸಿದ್ದರೆ, ಪೂರ್ತಿ ನಾಳ ತೆಗೆದಿದ್ದರೆ ಜೋಡಿಸುವ ಮಾತೇ ಇಲ್ಲ. ಜೋಡಿಸಿದ ಮೇಲೂ ಬಸಿರು ನಾಳದಲ್ಲೇ ನಿಲ್ಲುವ ಅಪಾಯ ಉಳಿದೇ ಇರುತ್ತದೆ. ಇನ್ನೊಂದು ದಾರಿ ಪ್ರಣಾಳ ಶಿಶು. ಅದಕ್ಕೆ ನಾಳ ಬೇಕಾಗಿಲ್ಲ, ಆದರೆ ಅದರ ಖರ್ಚು ನಮ್ಮಲ್ಲಿ ಎಷ್ಟು ಮನೆಗಳಿಗೆ ಆಗುತ್ತದೆ ಅಂತ ನಿಮಗೇ ಗೊತ್ತು.

2004ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಣಂ ಕಡೆ ಎಷ್ಟೋ ಮನೆಗಳ ಮಕ್ಕಳು ಹೋದರು. ತಾಯಂದಿರಲ್ಲಿ ಬಹಳ ಜನ ಆಗಲೇ ಆಪರೇಷನ್ ಆದವರು. ಅಲ್ಲಿನ ಸರ್ಕಾರ ಅವರಿಗೆ ಉಚಿತವಾಗಿ ನಾಳ ಜೋಡಿಸುವ ಏರ್ಪಾಡು ಮಾಡಿತು. ಕೆಲವು ಮನೆಗಳಲ್ಲಿ ಮತ್ತೆ ತೊಟ್ಟಿಲು ತೂಗಿತು, ಕೆಲವು ಮನೆಗಳಲ್ಲಿ ಇಲ್ಲ.

ನಮ್ಮಲ್ಲಿ ಸುನಾಮಿ ಇಲ್ಲ, ಕಾಲುವೆ ಇದೆ. ಸಿಂಧನೂರು ಕಡೆಯ ಒಬ್ಬಳಿಗೆ 18ಕ್ಕೆ ಮದುವೆ, 22ಕ್ಕೆ ಎರಡು ಮಕ್ಕಳು, ಅದೇ ಬಾಣಂತನದಲ್ಲಿ ಆಪರೇಷನ್. ಐದು ವರ್ಷದ ಮಗ ಕಾಲುವೆಗೆ ಬಿದ್ದು ಹೋದ. ಹುಲಿಗೆಮ್ಮನಿಗೆ ಹರಕೆ ಹೊತ್ತು ನನ್ನ ಹತ್ತಿರ ಬಂದಳು. ಆಪರೇಷನ್ ಚೀಟಿ ಕೇಳಿದೆ. ಗುಳೆ ಹೋದಾಗ ಕಳೆದುಹೋಗಿತ್ತು. ನಾಳ ಎಷ್ಟು ಉಳಿದಿದೆ ಅಂತ ಹೊಟ್ಟೆ ತೆರೆಯುವವರೆಗೆ ಯಾರಿಗೂ ತಿಳಿಯಲಿಲ್ಲ. ಎಡಗಡೆ ಮೂರು ಸೆಂಟಿಮೀಟರ್ ಕೂಡ ಇರಲಿಲ್ಲ. ಬಲಗಡೆ ಐದು ಇತ್ತು, ಅದನ್ನು ಜೋಡಿಸಿದರು. ಎರಡು ವರ್ಷ ಆಯಿತು, ಇನ್ನೂ ನಿಂತಿಲ್ಲ. ಈಗಲೂ ಎರಡು ಮೂರು ತಿಂಗಳಿಗೊಮ್ಮೆ ಬರುತ್ತಾಳೆ. ಕೂತು ಹೋಗುತ್ತಾಳೆ.

ಅದಕ್ಕೇ ಚಿಕ್ಕ ಹುಡುಗಿಯರಿಗೆ ನಾನು ಆಪರೇಷನ್ ಅಂತ ಶುರು ಮಾಡುವುದಿಲ್ಲ. ಸರ್ಕಾರದ ನಿಯಮದಲ್ಲಿ ವಯಸ್ಸು ಕನಿಷ್ಠ 22, ಒಂದು ಮಗುವಿಗಾದರೂ ಒಂದು ವರ್ಷ ದಾಟಿರಬೇಕು. ಅದು ಕನಿಷ್ಠ, 22 ತುಂಬಿದ ಕೂಡಲೇ ಮಾಡಿಸಬೇಕು ಅಂತ ಅರ್ಥ ಅಲ್ಲ. ನಾನು ಹೇಳಿದ ಆ ಅಧ್ಯಯನದಲ್ಲೇ, 30 ದಾಟುವ ಮೊದಲು ಮಾಡಿಸಿಕೊಂಡವರಲ್ಲಿ ಹದಿನಾಲ್ಕು ವರ್ಷದೊಳಗೆ ನೂರಕ್ಕೆ 20 ಜನ "ಮಾಡಿಸಬಾರದಿತ್ತು" ಅಂದರು. 30 ದಾಟಿದವರಲ್ಲಿ ಹಾಗಂದವರು ಆರು. ಇಪ್ಪತ್ತೆರಡು ಇಪ್ಪತ್ಮೂರಕ್ಕೆ ಗರ್ಭಕೋಶದೊಳಗೆ ಇಡುವ ವಂಕಿ ಹಾಕಿಸಿಕೊಳ್ಳಿ. ಕಾಪರ್ ಟಿ 380 ಎ ಹತ್ತು ವರ್ಷ ಬಾಳುತ್ತದೆ, ಹೆಚ್ಚುಕಡಿಮೆ ಆಪರೇಷನ್ನಿನಷ್ಟೇ ಗಟ್ಟಿ, ಬೇಡವಾದ ದಿನ ಐದು ನಿಮಿಷದಲ್ಲಿ ತೆಗೆಯಬಹುದು. ಅದು ಎದೆಗೆ ಏರುತ್ತದೆ ಅನ್ನುವುದು ಸುಳ್ಳು, ಗರ್ಭಕೋಶದಿಂದ ಎದೆಗೆ ದಾರಿಯೇ ಇಲ್ಲ. ಮುಟ್ಟು ಸ್ವಲ್ಪ ಜಾಸ್ತಿ ಆಗುವುದು ನಿಜ, ರಕ್ತ ಕಡಿಮೆ ಇದ್ದವರು ಮೊದಲೇ ಹೇಳಿ. ಮೂರು ತಿಂಗಳಿಗೊಂದು ಅಂತರಾ ಇಂಜೆಕ್ಷನ್ ಇದೆ, ಛಾಯಾ ಗುಳಿಗೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ.

ಮಕ್ಕಳು ಸಾಕು ಅಂತ ಮನಸ್ಸು ಗಟ್ಟಿಯಾಗಿದ್ದರೆ, ಅದು ಅತ್ತೆಯದ್ದೋ ಗಂಡನದ್ದೋ ಅಲ್ಲ, ನಿಮ್ಮದೇ ಮನಸ್ಸಾಗಿದ್ದರೆ, ಆಪರೇಷನ್ ಮಾಡಿಸಿ, ಹೆದರಬೇಡಿ. ಬಿಚ್ಚಲಾಗದ ಗಂಟು ಅಂತ ತಿಳಿದೇ ಹಾಕಿಸಿ. ಯಾವ ರೀತಿ ಮಾಡಿದರು, ಕತ್ತರಿಸಿದರೋ ಉಂಗುರ ಹಾಕಿದರೋ, ಚೀಟಿಯಲ್ಲಿ ಬರೆಸಿಕೊಳ್ಳಿ. ಏಳನೇ ದಿನ ಹೊಲಿಗೆ ತೋರಿಸಲು ಹೋಗಿ. ಮುಂದಿನ ಮುಟ್ಟಾದ ಮೇಲೆ ಮತ್ತೆ ಹೋಗಿ ಪ್ರಮಾಣಪತ್ರ ಕೇಳಿ ಪಡೆಯಿರಿ. ಆಧಾರ್, ರೇಷನ್ ಕಾರ್ಡ್ ಇಡುವ ಚೀಲದಲ್ಲೇ ಅದನ್ನೂ ಇಡಿ, ಗುಳೆ ಹೋದರೂ ಜೊತೆಗೆ ಬರಲಿ.

ಹಿಂದಿನ ಸಾಲಿನಲ್ಲಿ ಒಬ್ಬ ತಂಗಿ ಚೀಟಿ ಕಳಿಸಿದ್ದಾಳೆ. "ಆಪರೇಷನ್ ಆಗಿ ಆರು ವರ್ಷ, ಮುಟ್ಟು ಹದಿನೈದು ದಿನ ತಡ ಆಗಿದೆ, ಹೆದರಬೇಕಾ?" ಅಂತ. ಹೆಸರು ಬರೆದಿಲ್ಲ, ಒಳ್ಳೆಯದೇ ಆಯಿತು. ತಡ ಆಗುವುದಕ್ಕೆ ಬೇರೆ ಕಾರಣಗಳು ಬಹಳ ಇವೆ ತಂಗಿ. ಆದರೂ ಇವತ್ತೇ ನೋಡಿಬಿಡೋಣ. ವೇದಿಕೆಯ ಪಕ್ಕದ ಕೋಣೆಯಲ್ಲಿ ಮೂರು ಗಂಟೆಯವರೆಗೆ ಕೂತಿರುತ್ತೇನೆ, ಪರೀಕ್ಷೆಯ ಪಟ್ಟಿ ಇಪ್ಪತ್ತು ತಂದಿದ್ದೇನೆ. ಊಟದ ಸಾಲಿನಿಂದ ಹಾಗೇ ಸರಿದು ಬಾ, ಯಾರಿಗೂ ಗೊತ್ತಾಗುವುದಿಲ್ಲ.